ಹಳೆ ಕಂಬಳಿ, ಹಳೆ ಸ್ವೆಟರ್, ಹೊಸ ಕೌದಿ: ಕಲಬುರಗಿ ಬೆಚ್ಚಗೆ ಮಲಗಿದ ಕತೆ

ಕಲಬುರಗಿ ಅಂದರೆ ಬಿಸಿಲು ಅಂತ ಹೊರಗಿನವರು ಹೇಳುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಒಂದು ರಾತ್ರಿ ತೊಗರಿ ರಾಶಿ ಕಾಯಲು ಹೊಲದಲ್ಲಿ ಮಲಗಿದವರನ್ನು ಕೇಳಿ, ಬೇರೆ ಮಾತು ಬರುತ್ತದೆ. ಎಳ್ಳಅಮಾವಾಸ್ಯೆ ಹೊತ್ತಿಗೆ ಕಮಲಾಪುರದ ಕಡೆ ಬಯಲು ಹೊಲಗಳಲ್ಲಿ ಬೀಸುವ ಗಾಳಿ ಎಲುಬಿಗೆ ಮುಟ್ಟುತ್ತದೆ. ನಸುಕಿನಲ್ಲಿ ಇಬ್ಬನಿ ಬಿದ್ದು ಮೇಲಿನ ಹೊದಿಕೆ ತೊಯ್ದಿರುತ್ತದೆ.

ಈ ಥಂಡಿಗೆ ನಮ್ಮ ಹಿರಿಯರು ಹೊಚ್ಚಿಕೊಂಡದ್ದು ಎರಡು. ಒಂದು ಕುರಿಯ ಉಣ್ಣೆಯ ಕಂಬಳಿ. ಇನ್ನೊಂದು ಮನೆಮಂದಿ ಉಟ್ಟು ಸವೆಸಿದ ಅರಬಿಯ ಕೌದಿ. ಕಂಬಳಿ ಹರಿದ ಮೇಲೆ ಅದೂ ಕೌದಿಯ ಹೊಟ್ಟೆಗೆ ಸೇರುತ್ತಿತ್ತು. ಈಗ ಕಂಬಳಿಯ ಜಾಗದಲ್ಲಿ ಹಳೆ ಸ್ವೆಟರ್ ಇದೆ. ಕೌದಿಯ ಈ ಕತೆಯಲ್ಲಿ ಸುಲ್ತಾನರ ಊರು ಬರುತ್ತದೆ, ಸೂಫಿಗಳು ಬರುತ್ತಾರೆ, ಮಿಲ್ ಬರುತ್ತದೆ, ದೂರದ ಪಾಣಿಪತ್ ಬರುತ್ತದೆ. ಕೊನೆಗೆ ಸೂಜಿ ಹಿಡಿದ ಹೆಣ್ಣುಮಗಳ ಕೂಲಿಯ ಪ್ರಶ್ನೆಯೂ ಬರುತ್ತದೆ.

ಮೊದಲು ಕಂಬಳಿ

ದಖನ್ ಪ್ರಸ್ಥಭೂಮಿಗೆ ಅದರದ್ದೇ ಆದ ಕುರಿ ತಳಿ ಇದೆ. ದಖನಿ ಕುರಿ ಅಂತ ಅದರ ಹೆಸರು. ಹೆಚ್ಚಾಗಿ ಕಪ್ಪು ಬಣ್ಣ, ಒರಟು ಉಣ್ಣೆ. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಒಣಭೂಮಿಯಲ್ಲಿ ಶತಮಾನಗಳಿಂದ ಮೇಯುತ್ತ ಬಂದಿದೆ. ಈ ಉಣ್ಣೆಯಿಂದ ಮೆತ್ತನೆಯ ಸ್ವೆಟರ್ ಆಗುವುದಿಲ್ಲ, ಮೈಗೆ ಚುಚ್ಚುತ್ತದೆ. ಆದರೆ ಕಂಬಳಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಉಣ್ಣೆ ಕತ್ತರಿಸುವುದು, ಹಿಂಜುವುದು, ನೂಲುವುದು, ನೇಯುವುದು ಇವೆಲ್ಲ ಕುರುಬ ಸಮಾಜದ ಮನೆಗಳಲ್ಲಿ ನಡೆಯುತ್ತಿದ್ದ ಕೆಲಸ. ಗಡಿಯಾಚೆ ಮರಾಠಿ ಸೀಮೆಯಲ್ಲಿ ಧನಗರರು ಇದೇ ಕೆಲಸ ಮಾಡುತ್ತಾರೆ. ನೂಲು ಗಟ್ಟಿಯಾಗಲು ಹುಣಸೆ ಬೀಜ ಅರೆದು ಕುದಿಸಿದ ಗಂಜಿ ಹಚ್ಚಿ, ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಹಾಗೆ ನೇಯ್ದ ಕಂಬಳಿ ಹಾಸಲು, ಹೊಚ್ಚಲು, ಮಳೆಯಲ್ಲಿ ತಲೆ ಮೇಲೆ ಕೊಪ್ಪೆ ಮಾಡಿಕೊಳ್ಳಲು, ಹಬ್ಬದಲ್ಲಿ ದೇವರ ಗದ್ದಿಗೆಗೆ ಹಾಸಲು, ಎಲ್ಲಕ್ಕೂ ಬಂತು.

ಉಣ್ಣೆಗೆ ಒಂದು ಗುಣ ಇದೆ. ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಇಬ್ಬನಿಯಲ್ಲಿ ಮಲಗುವ ಕುರಿಗಾಹಿಗೆ ಕಂಬಳಿ ಯಾಕೆ ಬೇಕು ಅನ್ನುವುದಕ್ಕೆ ಇದೇ ಉತ್ತರ. ‘ಕಂಬಳಿಯಲ್ಲಿ ಕೂತು ಉಣ್ಣುತ್ತ ಕೂದಲು ಆರಿಸಿದಂತೆ’ ಎಂಬ ಗಾದೆ ಹುಟ್ಟಿದ್ದೂ ಇಂಥ ಬದುಕಿನಿಂದಲೇ. ಕೂದಲು ಇರುವುದೇ ಕಂಬಳಿಯ ಸ್ವಭಾವ.

ಕೌದಿಯ ನೆಂಟಸ್ತಿಕೆ

ಕೌದಿ ಬೇರೆ ಜಾತಿಯ ವಸ್ತು. ಅದಕ್ಕೆ ಮಗ್ಗ ಬೇಡ, ಕುರಿ ಬೇಡ. ಹಳೆ ಸೀರೆ, ಧೋತರ, ಅಂಗಿ, ಕುಪ್ಪಸ, ಮಕ್ಕಳ ಫ್ರಾಕು ಸಾಕು. ಕೆಳಗೆ ಹಳೆ ಸೀರೆ, ನಡುವೆ ಚಿಂದಿಯ ಪದರ, ಮೇಲೆ ಬಣ್ಣ ನೋಡಿ ಜೋಡಿಸಿದ ತುಂಡುಗಳು. ದಪ್ಪ ಸೂಜಿಯಲ್ಲಿ ಅಂಚಿನಿಂದ ಶುರುಮಾಡಿ ಒಳಕ್ಕೆ ಸಾಲು ಸಾಲು ಹೊಲಿಗೆ.

ಇದಕ್ಕೆ ದೊಡ್ಡ ಬಳಗವಿದೆ. ಮರಾಠಿಯಲ್ಲಿ ಗೋಧಡಿ, ದಖನಿ ಉರ್ದುವಿನಲ್ಲಿ ಗುದಡಿ, ತೆಲುಗಿನಲ್ಲಿ ಬೊಂತ, ಬಂಗಾಳದಲ್ಲಿ ಕಾಂಥಾ, ಸಿಂಧ್‌ನಲ್ಲಿ ರಲ್ಲಿ. ಮೂರು ಭಾಷೆ ಕೂಡುವ ನಮ್ಮ ಜಿಲ್ಲೆಯಲ್ಲಿ ಒಂದೇ ಓಣಿಯಲ್ಲಿ ಒಂದೇ ಹೊದಿಕೆಗೆ ಎರಡು ಮೂರು ಹೆಸರು ಕೇಳಿಬರುವುದು ಸಹಜ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಕೂಡ ಇದೇ ಬಳಗದ್ದು. ಆಫ್ರಿಕಾದಿಂದ ಬಂದವರ ಸಂತತಿಯಾದ ಅವರು ಕವಂದಿಯ ನಾಲ್ಕು ಮೂಲೆಗೆ ಮಡಿಸಿದ ತ್ರಿಕೋನದ ತುಂಡು ಹಾಕಿ ಮುಗಿಸುತ್ತಾರೆ. ಅದಕ್ಕೆ ‘ಫೂಲ’ ಎನ್ನುತ್ತಾರೆ. ಫೂಲ ಇಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಲೆಕ್ಕ.

ಹೊಲಿಯುವವರು ಯಾರು? ಬಹಳಷ್ಟು ಮನೆಗಳಲ್ಲಿ ಅಜ್ಜಿ, ಅವ್ವ, ಸೊಸೆ ಕೂಡಿ ಹೊಲಿದರು. ಕೂಲಿಗೆ ಹೊಲಿಯುವವರೂ ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ತುಳಜಾಪುರದ ಅಂಬಾಭವಾನಿಯ ಹೆಸರಿನಲ್ಲಿ ರಾತ್ರಿಯಿಡೀ ಗೊಂದಲ ಹಾಕುವ ಗೊಂದಲಿಗರಂಥ ಅಲೆಮಾರಿ ಸಮುದಾಯಗಳಲ್ಲಿ ಗಂಡಸರು ಹಾಡಲು ಹೋದರೆ ಹೆಂಗಸರು ಮನೆ ಮನೆಗೆ ಹೋಗಿ ಕೌದಿ ಹೊಲಿಯುತ್ತಿದ್ದರು. ಅರಬಿ ಮನೆಯವರದ್ದು, ದಾರ ಮನೆಯವರದ್ದು, ಕೈ ಮಾತ್ರ ಅವರದ್ದು. ಕೂಲಿ ಜೋಳದಲ್ಲಿ, ಊಟದಲ್ಲಿ, ಒಂದಿಷ್ಟು ರೊಕ್ಕದಲ್ಲಿ. ‘ಅಕ್ಕಾ, ಒಬ್ಬರಿಗೋ ಇಬ್ಬರಿಗೋ?’ ಅಂತ ಕೇಳಿ, ಅಂಗಳದಲ್ಲಿ ಸೀರೆ ಹಾಸಿ, ಕಾಲು ಚಾಚಿ ಕುಳಿತರೆ ಅಳತೆ ಪಟ್ಟಿ ಬೇಡ. ಮೊಳ, ಗೇಣು, ಬೆರಳು ಸಾಕು.

ಶಹಾಬಜಾರ, ಸೂಫಿ, ಶರಣ

ಕಲಬುರಗಿಯ ಶಹಾಬಜಾರ ಅಂದರೆ ಬಾದಶಹರ ಪೇಟೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಾಗ ಕಲಬುರಗಿ ರಾಜಧಾನಿ ಆಯಿತು. 14ನೇ ಶತಮಾನದ ಶಹಾಬಜಾರ ಮಸೀದಿ ಆ ಕಾಲದ ಗುರುತಾಗಿ ಇಂದಿಗೂ ನಿಂತಿದೆ. ಅದೇ ಬಡಾವಣೆಯಲ್ಲಿ ಸುಲಫಲ ಮಠವೂ ಇದೆ. ರಾಜಧಾನಿ ಮುಂದೆ ಬೀದರಿಗೆ ಹೋಯಿತು, ಪೇಟೆಯ ಹೆಸರು ಉಳಿಯಿತು.

ಸುಮಾರು 1400ರ ಹೊತ್ತಿಗೆ ದೆಹಲಿ ಕಡೆಯಿಂದ ಬಂದು ಇಲ್ಲಿ ನೆಲೆಸಿ, 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರು ನಮ್ಮೂರಿನ ಹೆಸರನ್ನು ದೂರದವರೆಗೆ ಒಯ್ದರು. ಅವರು ಸೇರಿದ್ದು ಸೂಫಿ ಪರಂಪರೆಗೆ. ‘ಸೂಫಿ’ ಶಬ್ದ ಅರಬ್ಬಿಯ ‘ಸೂಫ್’ ಅಂದರೆ ಉಣ್ಣೆ ಎಂಬ ಶಬ್ದದಿಂದ ಬಂತು ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ರೇಷ್ಮೆ ಬಿಟ್ಟು ಒರಟು ಉಣ್ಣೆ ತೊಟ್ಟವರು ಅಂತ ಅರ್ಥ. ತೇಪೆ ಹಾಕಿದ ನಿಲುವಂಗಿಗೂ ಆ ಪರಂಪರೆಯಲ್ಲಿ ಮಾನವಿದೆ. ಗುರು ಶಿಷ್ಯನಿಗೆ ತೊಡಿಸುವ ಅಂಗಿಯನ್ನು ‘ಖಿರ್ಕಾ’ ಎನ್ನುತ್ತಾರೆ. ಅದು ಹಳೆಯದಾದಷ್ಟೂ ಬೆಲೆ ಹೆಚ್ಚು.

ಅದಕ್ಕೂ ಎರಡು ನೂರು ವರ್ಷ ಮೊದಲು, 12ನೇ ಶತಮಾನದ ಶರಣರು ಕೈಕೆಲಸಕ್ಕೆ ಕಾಯಕ ಎಂಬ ದೊಡ್ಡ ಹೆಸರು ಕೊಟ್ಟಿದ್ದರು. ಆ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದಾರೆ. ಅವರ ಕಾಯಕ ಹೆಸರಿನಲ್ಲೇ ಇದೆ. ನೇಯ್ಗೆಯ ಜೇಡರ ದಾಸಿಮಯ್ಯನವರ ಮುದನೂರು ಹಿಂದಿನ ಗುಲಬರ್ಗಾ ಜಿಲ್ಲೆಯ ಸುರಪುರ ತಾಲ್ಲೂಕಿನದ್ದು, ಈಗ ಯಾದಗಿರಿ ಜಿಲ್ಲೆಗೆ ಸೇರಿದೆ.

ಕೌದಿಯನ್ನು ಸೂಫಿಗಳು ತಂದರು, ಶರಣರು ಹೊಲಿದರು ಅಂತ ನಾವು ಹೇಳುತ್ತಿಲ್ಲ. ತೇಪೆ ಹಾಕಿದ ಬಟ್ಟೆ ಅಂದರೆ ನಾಚಿಕೆ ಅನ್ನುವ ಭಾವನೆ ಈ ನೆಲದಲ್ಲಿ ಹಳೆಯದೇನಲ್ಲ ಅನ್ನುವುದಷ್ಟೇ ನಮ್ಮ ಮಾತು. ಗುರು ಕೊಟ್ಟ ತೇಪೆಯ ಅಂಗಿ ಇಲ್ಲಿ ಪೂಜ್ಯವಾಗಿತ್ತು. ಸೂಜಿ ಹಿಡಿದವನು ವಚನಕಾರನಾಗಿದ್ದ.

ರೈಲು, ಮಿಲ್, ಮತ್ತು ಅಗ್ಗದ ಅರಬಿ

1871ರ ಹೊತ್ತಿಗೆ ಮುಂಬೈ ಕಡೆಯ ರೈಲು ಹಳಿ ಕಲಬುರಗಿ ದಾಟಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಗೆ ಕೂಡಿತು. ಮಿಲ್ ಬಟ್ಟೆ ಬರುವ ದಾರಿ ತೆರೆಯಿತು. ಅದೇ ಶತಮಾನದ ಕೊನೆಯ ಭಾಗದಲ್ಲಿ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಹೆಸರಿನಲ್ಲಿ ಕಲಬುರಗಿಯಲ್ಲೇ ಬಟ್ಟೆ ಮಿಲ್ ಬಂತು. ಮಹಬೂಬ್ ಶಾಹಿ ಮಿಲ್, ನಮ್ಮ ಬಾಯಲ್ಲಿ ಎಂ.ಎಸ್.ಕೆ. ಮಿಲ್. ಭೋಂಗಾ ಹೊಡೆದರೆ ಊರು ಎದ್ದು ಕೂರುತ್ತಿದ್ದ ಆ ಮಿಲ್ ಮುಚ್ಚಿ ಹೋಗಿದೆ, ಹೆಸರು ಮಾತ್ರ ಬಡಾವಣೆಗೆ, ಬಸ್ ಸ್ಟಾಪಿಗೆ ಉಳಿದಿದೆ.

ಮಿಲ್ ಬಟ್ಟೆ ಅಗ್ಗವಾದಾಗ ಮನೆಯಲ್ಲಿ ಅರಬಿ ಹೆಚ್ಚಾಯಿತು, ಹಳೆ ಅರಬಿಯೂ ಹೆಚ್ಚಾಯಿತು. ಕೌದಿಗೆ ಬಣ್ಣ ಬಂತು. ಇಳಕಲ್ ಸೀರೆಯ ಸೆರಗಿನ ಕೆಂಪು, ಧೋತರದ ಬಿಳುಪು ಇದ್ದ ಕಡೆ ಛಾಪಾ ಹೂವಿನ ಚೀಟಿ ಬಟ್ಟೆ ಸೇರಿತು.

ಆಮೇಲೆ ನೈಲಾನ್, ಪಾಲಿಯೆಸ್ಟರ್ ಸೀರೆ ಬಂದವು. ಅವು ಹರಿಯುವುದಿಲ್ಲ, ಮಾಸುವುದಿಲ್ಲ, ಬೇಗ ಒಣಗುತ್ತವೆ. ಹೊಲಕ್ಕೆ ಹೋಗುವ ಹೆಣ್ಣುಮಗಳಿಗೆ ಇದು ದೊಡ್ಡ ಅನುಕೂಲ. ಆದರೆ ಕೌದಿ ಹೊಲಿಯುವವರಿಗೆ ತ್ರಾಸ. ಸೂಜಿಗೆ ಜಾರುತ್ತದೆ, ಬೆವರು ಹೀರುವುದಿಲ್ಲ, ಪದರ ಪದರ ಕೂಡಿ ನಿಲ್ಲುವುದಿಲ್ಲ. ಕೌದಿ ಕಡಿಮೆಯಾಗಲು ಜನ ಬದಲಾದರು ಅಂತ ಹೇಳುವುದು ಸುಲಭ. ಮೊದಲು ಬದಲಾದದ್ದು ಸೀರೆ.

ಕುರಿಯೂ ಬದಲಾಯಿತು. ಮಾಂಸಕ್ಕೆ ಬೆಲೆ ಏರಿ ಉಣ್ಣೆಗೆ ಬೆಲೆ ಇಳಿದಾಗ, ಉಣ್ಣೆ ಕಡಿಮೆ ಇದ್ದು ಬೇಗ ತೂಕ ಬರುವ ತಳಿಗಳ ಜೊತೆ ದಖನಿ ಕುರಿ ಬೆರೆಯಿತು. ಕುರಿಗಾಹಿಗೆ ಉಣ್ಣೆ ಕತ್ತರಿಸುವ ಕೂಲಿಯೂ ಹುಟ್ಟದ ಸ್ಥಿತಿ ಬಂತು. ಊರ ಕಂಬಳಿ ದುರ್ಲಭವಾಯಿತು.

ಸ್ವೆಟರ್ ಬಂದ ದಾರಿ

1960ರ ದಶಕದಲ್ಲಿ ಬೈಲಕುಪ್ಪೆ, ಮುಂಡಗೋಡದಲ್ಲಿ ಟಿಬೆಟ್ ನಿರಾಶ್ರಿತರು ನೆಲೆಸಿದ ಮೇಲೆ ಕರ್ನಾಟಕದ ಊರುಗಳಿಗೆ ಹೊಸ ದೃಶ್ಯ ಬಂತು. ಥಂಡಿ ದಿನಗಳಲ್ಲಿ ರಸ್ತೆ ಬದಿಯಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿ ಸಾಲು. ಆ ಸ್ವೆಟರ್‌ಗಳಲ್ಲಿ ಬಹುಪಾಲು ಬರುವುದು ಪಂಜಾಬಿನ ಲುಧಿಯಾನದ ಹೆಣಿಗೆ ಕಾರ್ಖಾನೆಗಳಿಂದ. ಜೊತೆಗೆ ಮಕ್ಕಳ ಶಾಲೆಯ ಸ್ವೆಟರ್ ಬಂತು. ಮಗು ಬೆಳೆದಂತೆ ಎರಡು ವರ್ಷಕ್ಕೊಂದು ಬದಲು.

ಹೀಗೆ ಮನೆಯಲ್ಲಿ ಹಳೆ ಸ್ವೆಟರ್ ಕೂಡಿದವು. ಅವು ಎಲ್ಲಿ ಹೋಗುತ್ತವೆ? ಭಾಂಡೆ ಬುಟ್ಟಿ ಹೊತ್ತು ಬರುವವರಿಗೆ ಕೊಟ್ಟರೆ ಒಂದು ಸ್ಟೀಲ್ ಡಬ್ಬಿ ಬರುತ್ತದೆ. ಆ ಬಟ್ಟೆಯಲ್ಲಿ ಚೆನ್ನಾಗಿರುವುದು ಸಂತೆಯಲ್ಲಿ ಮತ್ತೆ ಮಾರಾಟವಾಗುತ್ತದೆ, ಹರಿದದ್ದು ಯಂತ್ರ ಒರೆಸುವ ಚಿಂದಿಯಾಗುತ್ತದೆ.

ಹಳೆ ಉಣ್ಣೆಯ ದೊಡ್ಡ ವ್ಯಾಪಾರ ನಡೆಯುವುದು ಹರಿಯಾಣದ ಪಾಣಿಪತ್‌ನಲ್ಲಿ. ನಮಗೆ ಯುದ್ಧದ ಪಾಠದಲ್ಲಿ ಗೊತ್ತಿರುವ ಊರು. ಅಮೆರಿಕ, ಯುರೋಪಿನ ಜನ ಬಿಟ್ಟ ಉಣ್ಣೆ ಬಟ್ಟೆ ಹಡಗಿನಲ್ಲಿ ಗುಜರಾತಿನ ಕಾಂಡ್ಲಾ ಬಂದರಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಪಾಣಿಪತ್ ಸೇರುತ್ತದೆ. ಹೆಂಗಸರು ನೆಲದ ಮೇಲೆ ಕುಳಿತು ಗುಂಡಿ, ಜಿಪ್ ಕತ್ತರಿಸಿ, ಬಣ್ಣದ ಪ್ರಕಾರ ರಾಶಿ ಹಾಕುತ್ತಾರೆ. ಯಂತ್ರ ಅದನ್ನು ಹರಿದು ಮತ್ತೆ ಎಳೆ ಮಾಡುತ್ತದೆ, ಎಳೆ ನೂಲಾಗಿ ಕಂಬಳಿ ಆಗುತ್ತದೆ. ಬಣ್ಣ ಮೊದಲೇ ಬೇರ್ಪಡಿಸಿದ್ದರಿಂದ ಮತ್ತೆ ಬಣ್ಣ ಹಾಕುವ ಖರ್ಚು ಉಳಿಯುತ್ತದೆ. ನೆರೆ, ಭೂಕಂಪದಲ್ಲಿ ಹಂಚುವ ಬೂದು ಬಣ್ಣದ ಕಂಬಳಿಯಲ್ಲಿ ಬಹಳಷ್ಟು ಈ ಬಗೆಯದು.

ಈ ವಿದ್ಯೆ ಹುಟ್ಟಿದ್ದು ಇಂಗ್ಲೆಂಡಿನ ಬ್ಯಾಟ್ಲಿ ಎಂಬ ಊರಲ್ಲಿ, 1813ರಲ್ಲಿ, ಬೆಂಜಮಿನ್ ಲಾ ಎಂಬಾತನ ಕೈಯಲ್ಲಿ. ಆ ಬಟ್ಟೆಗೆ ‘ಶಾಡಿ’ ಎಂದು ಹೆಸರು. ಅಮೆರಿಕದ ಅಂತರ್ಯುದ್ಧದಲ್ಲಿ ಇಂಥ ಬಟ್ಟೆಯ ಕಳಪೆ ಸಮವಸ್ತ್ರ ಸೈನಿಕರಿಗೆ ಕೊಟ್ಟಿದ್ದರಿಂದ ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ‘ಕಳಪೆ’ ಎಂಬ ಅರ್ಥವೇ ಅಂಟಿತು. ಈಗ ಪಾಣಿಪತ್‌ನಲ್ಲೂ ಪಾಲಿಯೆಸ್ಟರಿನ ಮೆತ್ತನೆಯ ಬ್ಲಾಂಕೆಟ್ ಬಂದು ಶಾಡಿ ಕಂಬಳಿ ಹಿಂದೆ ಬಿದ್ದಿದೆ. ನಮ್ಮ ಸಂತೆಯಲ್ಲಿ ಹುಲಿ, ಹೂವಿನ ಚಿತ್ರ ಹಾಕಿ ಮಾರುವುದು ಈ ಪಾಲಿಯೆಸ್ಟರ್ ಬ್ಲಾಂಕೆಟ್.

ಯಂತ್ರ ಉಣ್ಣೆಯನ್ನು ಹರಿದು ಚಿಂದಿ ಮಾಡಿ ಮತ್ತೆ ನೂಲುತ್ತದೆ. ಹರಿದಾಗ ಎಳೆ ಗಿಡ್ಡವಾಗಿ ಬಲ ಕಡಿಮೆಯಾಗುತ್ತದೆ. ಕೌದಿಯಲ್ಲಿ ಬಟ್ಟೆ ಇದ್ದ ಹಾಗೇ ಇರುತ್ತದೆ, ಎಳೆ ಉದ್ದವಾಗಿಯೇ ಉಳಿಯುತ್ತದೆ. ನಮ್ಮ ಅಜ್ಜಿಯರ ದಾರಿ ಈ ಲೆಕ್ಕದಲ್ಲಿ ಹಿಂದುಳಿದದ್ದೇನಲ್ಲ.

ಸ್ವೆಟರ್ ಕೌದಿ ಹೊಲಿಯುವ ಬಗೆ

ಓದುವವರಲ್ಲಿ ಯಾರಿಗಾದರೂ ಈ ಥಂಡಿಗೆ ಮಾಡಿ ನೋಡುವ ಮನಸ್ಸಿದ್ದರೆ, ಕ್ರಮ ಇದು.

ಮೊದಲು ಉಣ್ಣೆ ಯಾವುದು, ಉಣ್ಣೆಯಂತೆ ಕಾಣುವ ಅಕ್ರಿಲಿಕ್ ಯಾವುದು ಬೇರ್ಪಡಿಸಿ. ಒಂದೆಳೆ ದಾರ ಕಿತ್ತು, ಚಿಮಟದಲ್ಲಿ ಹಿಡಿದು, ತಟ್ಟೆಯ ಮೇಲೆ ಬೆಂಕಿಗೆ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಕಪ್ಪು ಗಟ್ಟಿ ಮಣಿಯಾದರೆ ಅಕ್ರಿಲಿಕ್. ಎರಡೂ ಬರುತ್ತವೆ. ಆದರೆ ಎದೆಯ ಮೇಲೆ ಬರುವ ನಡುಭಾಗಕ್ಕೆ ಉಣ್ಣೆ ಇಡಿ. ಒಲೆ, ಬೆಂಕಿಗೂಡಿನ ಹತ್ತಿರ ಮಲಗುವವರು ಅಕ್ರಿಲಿಕ್ ಬಿಡುವುದು ಒಳ್ಳೆಯದು.

ಉಣ್ಣೆಯ ಸ್ವೆಟರನ್ನು ಒಂದು ಸಲ ಬಿಸಿ ನೀರು, ಸಾಬೂನಿನಲ್ಲಿ ಚೆನ್ನಾಗಿ ಉಜ್ಜಿ ಒಗೆಯಿರಿ. ಸ್ವೆಟರ್ ತೊಡಬೇಕಾದವರು ಹೀಗೆ ಮಾಡಬಾರದು, ಅದು ಕುಗ್ಗಿ ದಪ್ಪವಾಗುತ್ತದೆ. ನಮಗೆ ಬೇಕಾದದ್ದೇ ಅದು. ಹಾಗೆ ಗಟ್ಟಿಯಾದ ಉಣ್ಣೆಯನ್ನು ಕತ್ತರಿಸಿದರೆ ಎಳೆ ಬಿಚ್ಚುವುದಿಲ್ಲ. ಅಕ್ರಿಲಿಕ್ ಹೀಗೆ ಕೂಡುವುದಿಲ್ಲ, ಕತ್ತರಿಸಿದ ಅಂಚಿಗೆ ತಕ್ಷಣ ಹೊಲಿಗೆ ಹಾಕಬೇಕು.

ಗುಂಡಿ, ಜಿಪ್, ಕೊರಳ ಪಟ್ಟಿ, ತೋಳಿನ ಕೊನೆ ಕತ್ತರಿಸಿ ತೆಗೆಯಿರಿ. ನೆಲದ ಮೇಲೆ ಹತ್ತಿ ಸೀರೆ ಎರಡು ಪದರ ಹಾಸಿ. ಅದರ ಮೇಲೆ ಸ್ವೆಟರ್ ತುಂಡುಗಳನ್ನು ಅಂಚಿಗೆ ಅಂಚು ತಾಗುವಂತೆ ಜೋಡಿಸಿ. ಒಂದರ ಮೇಲೊಂದು ಏರಿಸಿದರೆ ಗಂಟು ಬಂದು ಬೆನ್ನಿಗೆ ಒತ್ತುತ್ತದೆ. ಮೇಲೆ ಹತ್ತಿಯ ಬಣ್ಣದ ತುಂಡುಗಳ ಪದರ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಒಬ್ಬರ ಕೌದಿಗೆ ದೊಡ್ಡವರ ಸ್ವೆಟರ್ ನಾಲ್ಕೈದು ಬೇಕು.

ಮೊದಲು ದೊಡ್ಡ ದೊಡ್ಡ ಟಾಕಿ ಹಾಕಿ ಪದರ ಜಾರದಂತೆ ಹಿಡಿಸಿ. ಆಮೇಲೆ ಅಂಚಿನಿಂದ ಒಳಕ್ಕೆ, ಸಾಲಿನಿಂದ ಸಾಲಿಗೆ ಒಂದು ಬೆರಳು ಅಂತರದಲ್ಲಿ ಹೊಲಿಯುತ್ತ ಬನ್ನಿ. ಹೊಲಿಗೆ ಬಿಗಿ ಎಳೆಯಬೇಡಿ. ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗೆ ಇಡುವುದು, ಬಿಗಿದರೆ ಗಾಳಿ ಹೋಗುತ್ತದೆ.

ಮುಗಿದ ಮೇಲೆ ಪದೇ ಪದೇ ಒಗೆಯಬೇಡಿ, ಬಿಸಿಲಿಗೆ ಹಾಕಿ ಝಾಡಿಸಿ. ಹಳೆ ಧೋತರದ ಗವಸು ಹಾಕಿದರೆ ಅದನ್ನಷ್ಟೇ ಒಗೆದರೆ ಸಾಕು. ಬೇಸಿಗೆಯಲ್ಲಿ ಒಣಗಿದ ಬೇವಿನ ಎಲೆ ನಡುವೆ ಇಟ್ಟು ಮಡಚಿಡಿ, ಉಣ್ಣೆಗೆ ನುಸಿ ಬೇಗ ಬೀಳುತ್ತದೆ.

ಒಂದು ಕೌದಿಗೆ ಎಷ್ಟು ಹೊಲಿಗೆ?

ಈಗ ಕೂಲಿಯ ಲೆಕ್ಕ. ನಾಲ್ಕು ಅಡಿ ಅಂದರೆ 48 ಇಂಚು ಅಗಲ. ಸಾಲಿನಿಂದ ಸಾಲಿಗೆ ಮುಕ್ಕಾಲು ಇಂಚು ಹಿಡಿದರೆ 64 ಸಾಲು. ಒಂದೊಂದು ಸಾಲು ಆರು ಅಡಿ. ಒಟ್ಟು 384 ಅಡಿ ಹೊಲಿಗೆ. ಇಂಚಿಗೆ ಮೂರು ಟಾಕಿ ಅಂದರೆ 13,824 ಟಾಕಿ. ಇಷ್ಟು ದಪ್ಪ ಪದರದಲ್ಲಿ ನಿಮಿಷಕ್ಕೆ ಹತ್ತು ಟಾಕಿ ಹಾಕಿದರೂ 23 ಗಂಟೆ. ಅರಬಿ ಕತ್ತರಿಸುವುದು, ಜೋಡಿಸುವುದು ಬೇರೆ.

ಬೆಳಕು ಇರುವ ಹೊತ್ತಿನಲ್ಲಿ, ಕಣ್ಣಿಗೆ, ಬೆನ್ನಿಗೆ ವಿಶ್ರಾಂತಿ ಕೊಟ್ಟು, ದಿನಕ್ಕೆ ಆರು ತಾಸು ಕುಳಿತರೂ ನಾಲ್ಕು ದಿನದ ಕೆಲಸ. ಅಂದರೆ ಹೊಲದ ಕೂಲಿಯ ಲೆಕ್ಕ ಹಾಕಿದರೂ ಕೌದಿಗೆ ನಾಲ್ಕೈದು ದಿನದ ಪಗಾರ ಕೊಡಬೇಕು. ನಾವು ಕೊಡುವುದು ಎಷ್ಟು? ಸಂತೆಯ ಪಾಲಿಯೆಸ್ಟರ್ ಬ್ಲಾಂಕೆಟಿನ ಬೆಲೆ ತೋರಿಸಿ, ‘ಅರಬಿ ನಮ್ಮದೇ ಐತಲ್ಲ, ನಿನಗ್ಯಾಕ ಇಷ್ಟು?’ ಅಂತ ಚೌಕಾಸಿ ಮಾಡುತ್ತೇವೆ. ಆ ಮಾತಿನಲ್ಲಿ ಅರಬಿಗೆ ಬೆಲೆ ಇದೆ, ಕೈಗೆ ಇಲ್ಲ.

ಇವತ್ತು ಬೆಂಗಳೂರಿನ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಕೌದಿಗೆ ಕಲಾಕೃತಿಯ ಬೆಲೆ ಇದೆ. ಇತ್ತ ಶಹಾಬಜಾರದ ಓಣಿಗಳಲ್ಲಿ ಕೌದಿ ಇರುವ ಮನೆ ಬೇಗ ಸಿಗುತ್ತದೆ, ಹೊಲಿಯುವ ಕೈ ಹುಡುಕಬೇಕು. ಗೊತ್ತಿದ್ದವರಿಗೆ ವಯಸ್ಸಾಗಿದೆ, ಸೂಜಿಗೆ ದಾರ ಪೋಣಿಸಲು ಮೊಮ್ಮಗಳನ್ನು ಕರೆಯುತ್ತಾರೆ. ಮೊಮ್ಮಗಳು ದಾರ ಪೋಣಿಸಿ ಕೊಟ್ಟು ಮೊಬೈಲಿಗೆ ಮರಳುತ್ತಾಳೆ. ಅವಳ ತಪ್ಪೇನೂ ಇಲ್ಲ. ನಾಲ್ಕು ದಿನ ಕೂತರೂ ಒಂದು ದಿನದ ಕೂಲಿ ಹುಟ್ಟದ ಕೆಲಸವನ್ನು ಯಾರೂ ಕಲಿಯುವುದಿಲ್ಲ.

ಆದ್ದರಿಂದ ಈ ಸಲ ಹಳೆ ಸ್ವೆಟರನ್ನು ಸ್ಟೀಲ್ ಡಬ್ಬಿಗೆ ಕೊಡುವ ಮೊದಲು ನಿಮ್ಮೂರಲ್ಲಿ ಕೌದಿ ಹೊಲಿಯುವ ಅವ್ವ, ಅಕ್ಕ ಯಾರಿದ್ದಾರೆ ಎಂದು ವಿಚಾರಿಸಿ. ಇದ್ದರೆ ದಿನಗೂಲಿ ಲೆಕ್ಕದಲ್ಲಿ ಮಾತಾಡಿ. ಹೊಲಿಯುವಾಗ ಪಕ್ಕದಲ್ಲಿ ಮನೆಯ ಹುಡುಗಿಯನ್ನೂ, ಹುಡುಗನನ್ನೂ ಕೂಡಿಸಿ. ನಾಲ್ಕು ದಿನದ ಕೂಲಿಗೆ ಹತ್ತು ಹನ್ನೆರಡು ಥಂಡಿ ಕಾಲ ದಾಟಿಸುವ ಹೊದಿಕೆ ಸಿಗುತ್ತದೆ.